ಹರಿಯದ ಬೆಲ್ಟಿಗೆ ಹನ್ನೊಂದು ಸಾವಿರ

ಕಾರಿನ ಬಹಳಷ್ಟು ಭಾಗಗಳು ಕೆಡುವ ಮೊದಲು ಒದರಾಡುತ್ತವೆ. ಬ್ರೇಕ್ ಕಿರುಗುಡುತ್ತದೆ, ಕ್ಲಚ್ ಸುಟ್ಟ ವಾಸನೆ ಬಿಡುತ್ತದೆ, ಬ್ಯಾಟರಿ ಮುಂಜಾನೆಯ ಹೊತ್ತು ನರಳುತ್ತದೆ. ಟೈಮಿಂಗ್ ಬೆಲ್ಟ್ ಮಾತ್ರ ಸಂಭಾವಿತ. ಮುಚ್ಚಳದ ಹಿಂದೆ ಮಾತಿಲ್ಲದೆ ತಿರುಗುತ್ತಿದ್ದು, ಒಂದು ದಿನ ಮಾತಿಲ್ಲದೆ ಹರಿದುಬಿಡುತ್ತದೆ. ಆಮೇಲೆ ಮಾತಾಡುವ ಸರದಿ ಮಿಸ್ತ್ರಿಯದು.

ಲಾತೂರು ಜಿಲ್ಲೆಯ ಜಳಕೋಟದ ನಿವೃತ್ತ ಗುರುಜಿಯೊಬ್ಬರು ಹಳೆಯ ವೆರಿಟೋ ಡೀಸೆಲ್ ಕೊಂಡರು. 2007ರಲ್ಲಿ ಲೋಗನ್ ಎಂಬ ಹೆಸರಿನಿಂದ ನಾಶಿಕದಲ್ಲಿ ತಯಾರಾಗತೊಡಗಿ, 2011ರಲ್ಲಿ ವೆರಿಟೋ ಎಂದು ಹೆಸರು ಬದಲಿಸಿಕೊಂಡ ಗಾಡಿ ಅದು. ಮೂಗಿನ ಮೇಲೆ ಮಹೀಂದ್ರದ ಗುರುತು, ಬಾನೆಟ್ಟಿನ ಕೆಳಗೆ ರೆನೋದ ಒಂದೂವರೆ ಲೀಟರಿನ ಎಂಜಿನ್. ಮೀಟರಿನಲ್ಲಿ 62 ಸಾವಿರ ಕಿಲೋಮೀಟರ್ ಇದ್ದದ್ದು ಕಂಡು ಗುರುಜಿ ಹಿಗ್ಗಿದರು. ಉದಗೀರದ ಮಿಸ್ತ್ರಿ ಮೀಟರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಬಗ್ಗಿ ಕ್ಲಚ್ ಪೆಡಲ್ ನೋಡಿದ. ರಬ್ಬರ್ ಸವೆದು ಕಬ್ಬಿಣ ಮಿರಿಮಿರಿ ಮಿಂಚುತ್ತಿತ್ತು.

“ಗುರುಜಿ, ಮೀಟರ್ ಹಿಂದಕ್ಕ ತಿರುಗಿಸ್ತಾರ್ರಿ, ಪೆಡಲ್ ತಿರುಗಿಸಲಾಕ ಬರಲ್ಲ. ಬೆಲ್ಟ ಯಾವಾಗ ಹಾಕ್ಯಾರ, ಗೊತ್ತದೇನ್ರಿ?”

ಗೊತ್ತಿರಲಿಲ್ಲ. ಹರಿಯುವ ಮೊದಲೇ ಬದಲಿಸಬೇಕಾದ ಬೆಲ್ಟು, ವಯಸ್ಸು ಗೊತ್ತಿಲ್ಲದಿದ್ದರೆ ಹೊಸದೇ ಹಾಕಬೇಕು. ಖರ್ಚು ಸುರುವಾದದ್ದು ಇಲ್ಲಿಂದ.

ಈ ಹಲ್ಲಿನ ರಬ್ಬರ್ ಪಟ್ಟಿಯ ಕೆಲಸ ಕೇಳಲು ಸರಳ. ಪಿಸ್ಟನ್ನಿಗೆ ಜೋಡಿಸಿದ ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಹೊಡೆದರೆ ವಾಲ್ವು ತೆರೆಯುವ ಮೇಲಿನ ಕ್ಯಾಮ್ ಒಂದೇ ಸುತ್ತು ಹೊಡೆಯಬೇಕು. ಆ ಲೆಕ್ಕ ಒಂದು ಹಲ್ಲಿನಷ್ಟೂ ತಪ್ಪಬಾರದು. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಪ್ರತಿ ವಾಲ್ವು ನಿಮಿಷಕ್ಕೆ ಸಾವಿರ ಸಲ ಇಳಿದು ಏರುತ್ತದೆ, ಪಿಸ್ಟನ್ ಮೇಲೆ ಬರುವಷ್ಟರಲ್ಲಿ ದಾರಿ ಬಿಟ್ಟಿರುತ್ತದೆ. ಬೆಲ್ಟ್ ಹರಿದರೆ ವಾಲ್ವು ಅರ್ಧದಲ್ಲೇ ನಿಲ್ಲುತ್ತದೆ, ಪಿಸ್ಟನ್ ಬಂದು ಗುದ್ದುತ್ತದೆ. ಆಗಿನ ಬಿಲ್ಲಿನ ಮುಂದೆ ಬೆಲ್ಟಿನ ಬಿಲ್ಲು ಚಿಲ್ಲರೆ.

ಅಂಬಾಸಿಡರ್ ಕಾಲದವರಿಗೆ ಈ ಭಯ ಇರಲಿಲ್ಲ. ಅದರೊಳಗೆ ಕಬ್ಬಿಣದ ಚೈನು. ಬೆಲ್ಟನ್ನು ಮನೆಮನೆಗೆ ತಂದದ್ದು 1983ರ ಮಾರುತಿ 800. ಜರ್ಮನಿಯಲ್ಲಿ ಗ್ಲಾಸ್ 1004 ಎಂಬ ಪುಟ್ಟ ಕಾರು 1962ರ ಹೊತ್ತಿಗೇ ಇದನ್ನು ಕಟ್ಟಿಕೊಂಡು ಓಡುತ್ತಿತ್ತು. ಸದ್ದು ಕಡಿಮೆ, ತೂಕ ಕಡಿಮೆ, ಎಣ್ಣೆ ಬೇಕಿಲ್ಲ. ಎಣ್ಣೆ ಬೇಕಿಲ್ಲ ಅನ್ನುವುದಕ್ಕಿಂತ, ಎಣ್ಣೆ ಸೋಕಿದರೆ ಕೆಡುತ್ತದೆ ಅನ್ನಬೇಕು.

ರೇಟು ಕೇಳಿದಾಗ ಮಿಸ್ತ್ರಿ ಬೆಲ್ಟಿನ ರೇಟು ಹೇಳಿದ, ಗುರುಜಿ ತಲೆಯಾಡಿಸಿದರು. ಹಾಕುವುದರ ರೇಟು ಹೇಳಿದ. ಗುರುಜಿ ಕುರ್ಚಿ ಹುಡುಕಿದರು. ಆದರೆ ಕೆಲಸ ಎದುರಿಗೇ ನಡೆದಾಗ ಅವರ ಸಿಟ್ಟು ಇಳಿಯಿತು. ಸಾಸಿವೆ ಡಬ್ಬಿ ತೆಗೆಯಲು ಇಡೀ ಅಟ್ಟ ಇಳಿಸಿದ ಹಾಗಿತ್ತು ಆ ಕೆಲಸ. ಬಲಗಡೆಯ ಚಕ್ರ ಬಿಚ್ಚಬೇಕು, ಎಂಜಿನ್ನಿನ ಅಡಿಗೆ ಜಾಕು ಕೊಡಬೇಕು, ಎಂಜಿನ್ ಹೊತ್ತಿರುವ ಮೌಂಟಿಂಗನ್ನೇ ತೆಗೆಯಬೇಕು, ಆಮೇಲೆ ಕ್ಯಾಮಿಗೊಂದು ಕ್ರ್ಯಾಂಕಿಗೊಂದು ಪಿನ್ನು ಚುಚ್ಚಿ ಎರಡನ್ನೂ ಅಲ್ಲಾಡದಂತೆ ಹಿಡಿಸಬೇಕು. ಹಳೆಯ ಬೆಲ್ಟ್ ಕಳಚಿದ್ದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ. ಅಲ್ಲಿಗೆ ಮುಟ್ಟಲು ಅರ್ಧ ದಿನ.

ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಹೊಸದು. ಈ ಎಂಜಿನ್ನಿನಲ್ಲಿ ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುವುದರಿಂದ ಪಂಪೂ ಹೊಸದು. ಉಳಿಸಲು ಹೋದರೆ ನಾಳೆ ಅದು ಸೋರಿ ಮತ್ತೆ ಇಷ್ಟೇ ಮಜೂರಿ. ಇದು ಮೋಸವಲ್ಲ, ಆದರೆ ಮೋಸದಂತೆಯೇ ಕೇಳಿಸುತ್ತದೆ. ಸಾಮಾನು ಎಲ್ಲಿಂದ ತರುವುದೆಂಬ ಚರ್ಚೆಯೂ ಆಯಿತು. ಲಾತೂರು ಅಂದರೆ ತಮ್ಮ ಜಿಲ್ಲೆ. ಬೀದರ ಅಂದರೆ ಗುರುಜಿಯ ತಂದೆಯ ಕಾಲದ ಜಿಲ್ಲೆ, ಯಾಕೆಂದರೆ 1956ಕ್ಕೆ ಮೊದಲು ಉದಗೀರ, ನಿಲಂಗಾ ಎರಡೂ ಬೀದರಿಗೇ ಸೇರಿದ್ದವು. ಕೊನೆಗೆ ಬೀದರಿನಿಂದ ಬಸ್ಸಿನಲ್ಲಿ ಡಬ್ಬ ಬಂತು. ತೆರಿಗೆ ಎಲ್ಲಿ ಕೊಂಡರೂ ಒಂದೇ: 22 ಸೆಪ್ಟೆಂಬರ್ 2025ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಶೇ. 18 ಜಿಎಸ್‌ಟಿ. ಕೂಲಂಟ್ ಸೇರಿ ಹನ್ನೊಂದು ಸಾವಿರ ಚಿಲ್ಲರೆ.

“ನನ್ನ ಸಿಂಗರ್ ಮಶೀನಿನ ಬೆಲ್ಟಿಗಿ ಇಷ್ಟ ಯಾವತ್ತರೆ ಕೊಟ್ಟೀನೇನ್ರಿ?” ಎಂದರು ಗುರುಜಿಯ ಮನೆಯವರು. ಮಾತು ಕುಟುಕಿದ್ದಾದರೂ ಅದರಲ್ಲಿ ಚರಿತ್ರೆ ಇತ್ತು. ಹಲ್ಲಿನ ಬೆಲ್ಟನ್ನು 1940ರ ದಶಕದಲ್ಲಿ ಅಮೆರಿಕದ ಯುಎಸ್ ರಬ್ಬರ್ ಕಂಪನಿ ರೂಪಿಸಿದ್ದು ಸಿಂಗರ್ ಹೊಲಿಗೆ ಯಂತ್ರಕ್ಕಾಗಿ. ಸೂಜಿಯೂ ಕೆಳಗಿನ ದಾರವೂ ಹೊತ್ತು ತಪ್ಪದೆ ಕೂಡಲಿ ಎಂದು.

ಹಳೆಯ ಬೆಲ್ಟನ್ನು ಗುರುಜಿ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ತಂದಿದ್ದರು. ಸಂಜೆ ಕಟ್ಟೆಯ ಮೇಲೆ ಅದು ಕೈಯಿಂದ ಕೈಗೆ ಓಡಾಡಿತು. ಪಕ್ಕದ ಮನೆಯ ಕಾಕಾ ಎಳೆದು ನೋಡಿದರು, ಮಡಚಿ ನೋಡಿದರು, ಹಲ್ಲು ಎಣಿಸಲೂ ಹೊರಟರು.

“ಏನೂ ಆಗಿಲ್ಲಲ್ರಿ ಇದಕ್ಕ! ಹನ್ನೊಂದು ಸಾವಿರ ನೀರಾಗ ಹಾಕಿದ್ರಿ.”

“ನಿಮ್ಮ ಇನ್ನೋವಾ ಹಳೇದಲ್ಲಾ ಕಾಕಾ? ಕ್ರಿಸ್ಟಾಕ್ಕ ಚೈನು ಅದ. ಹಳೇ ಡೀಸಲ್‌ಗೆ ಬೆಲ್ಟೇ. ಎಷ್ಟ ಓಡ್ಯಾದ್ರಿ?”

“ಎರಡು ಲಕ್ಷ ದಾಟ್ಯಾದ.”

“ಬೆಲ್ಟ?”

ಕಾಕಾ ಬೆಲ್ಟನ್ನು ಚೀಲಕ್ಕೆ ಹಾಕಿ ಎದ್ದರು. ಮರುದಿನ ಲಾತೂರಿನ ಮದುವೆಗೆ ಅವರ ಮನೆಮಂದಿಯೆಲ್ಲ ಎಸ್‌ಟಿ ಬಸ್ಸು ಹತ್ತಿ ಹೋದರು.