ಕೂದಲಿನ ಹವಾಮಾನ ವರದಿ

ಚೆನ್ನೈಯ ಹವಾಮಾನವೆಂದು ಪೇಪರಿನಲ್ಲಿ ಬರುವುದು ಎರಡು ಕೇಂದ್ರಗಳ ಲೆಕ್ಕ. ಒಂದು ನುಂಗಂಬಾಕ್ಕಂ, ಇನ್ನೊಂದು ಮೀನಂಬಾಕ್ಕಂ. ಮೂರನೆಯದು ನನ್ನ ತಲೆ. ಜಂಬಕ್ಕೆ ಹೇಳುತ್ತಿಲ್ಲ, ಇದಕ್ಕೆ ಶಾಸ್ತ್ರಾಧಾರವಿದೆ. ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ ಗಾಳಿಯ ತೇವ ಅಳೆಯುವ ಉಪಕರಣದ ಬಗ್ಗೆ 1783ರಲ್ಲಿ ಪುಸ್ತಕ ಬರೆದ. ಆ ಉಪಕರಣದೊಳಗೆ ಅವನು ಬಿಗಿದಿದ್ದು ಮನುಷ್ಯರ ಕೂದಲನ್ನೇ. ತೇವ ಏರಿದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ, ಅದಕ್ಕೆ ತಕ್ಕಂತೆ ಮುಳ್ಳು ತಿರುಗುತ್ತದೆ. ಪಾಪ, ಅದನ್ನು ಹೊತ್ತುಕೊಂಡು ಆಲ್ಪ್ಸ್ ಹತ್ತಿದ. ಮೈಲಾಪುರಕ್ಕೆ ಬಂದಿದ್ದರೆ ಉಪಕರಣವೇ ಬೇಕಿರಲಿಲ್ಲ. ಲಜ್ ಕಾರ್ನರಿನಲ್ಲಿ ಬಸ್ಸಿಳಿಯುವ ಹೆಂಗಸರ ತಲೆ ನೋಡಿ ಬರೆದುಕೊಂಡು ಹೋಗಬಹುದಿತ್ತು.

ನನ್ನದು ಗುಂಗುರು ಕೂದಲು. ಬೆಳಿಗ್ಗೆ ಎಂಟಕ್ಕೆ ಅದು ಹೇಳಿದ ಮಾತು ಕೇಳುತ್ತದೆ. ಮಧ್ಯಾಹ್ನ ಕಡಲಗಾಳಿ ಊರೊಳಗೆ ಬಂತೋ, ತಲೆಯ ಮೇಲಿನ ಸರ್ಕಾರ ಬಿತ್ತೆಂದೇ ಅರ್ಥ. ನಮ್ಮತ್ತೆಗೆ ಮಾತ್ರ ಈ ತಾಪತ್ರಯವೇ ಇಲ್ಲ. ಉಡುಪಿಯಿಂದ ಮದುವೆಯಾಗಿ ಬಂದಾಗಿನಿಂದ ಅವರದ್ದು ಒಂದೇ ಪದ್ಧತಿ: ಅಂಗೈ ತುಂಬ ತೆಂಗಿನೆಣ್ಣೆ, ಬಿಗಿಯಾದ ಜಡೆ, ಉತ್ತರ ಮಾಡ ಬೀದಿಯ ಹೂವಿನಾಕೆಯಿಂದ ಒಂದು ಮೊಳ ಮಲ್ಲಿಗೆ. ಹೂವಿನಾಕೆ ಅಳೆಯುವಾಗ ಮೊಳಕೈ ಅದು ಹೇಗೋ ಗಿಡ್ಡವಾಗುತ್ತದೆ. ಅದೊಂದು ಜಗಳ ಬಿಟ್ಟರೆ ಅತ್ತೆಯ ಸೌಂದರ್ಯ ಖಾತೆಯಲ್ಲಿ ಬೇರೆ ವಿವಾದವಿಲ್ಲ.

ಹಾಗೆಂದು ತಮಿಳುನಾಡನ್ನು ಹಳೇ ಕಾಲದ್ದು ಅನ್ನುವಂತಿಲ್ಲ. ಶಾಂಪೂವನ್ನು ಸ್ಯಾಷೆಯಲ್ಲಿ ತುಂಬಿ ಬಡವರ ಬಚ್ಚಲಿಗೂ ಮುಟ್ಟಿಸುವ ಯೋಚನೆ ಹೊಳೆದದ್ದು ಕಡಲೂರಿನ ಚಿನ್ನಿ ಕೃಷ್ಣನ್ ಅವರಿಗೆ. ಅವರ ಒಬ್ಬ ಮಗ ಚಿಕ್ ಶಾಂಪೂ ಮಾಡಿದರು. ಇನ್ನೊಬ್ಬರು ಪತ್ನಿಯೊಡನೆ 2000ದಲ್ಲಿ ಚೆನ್ನೈಯಲ್ಲಿ ನ್ಯಾಚುರಲ್ಸ್ ಸಲೂನ್ ಶುರುಮಾಡಿದರು. ಒಂದೇ ಮನೆತನ ತೊಳೆಯುವುದನ್ನೂ ಒಣಗಿಸುವುದನ್ನೂ ಹಂಚಿಕೊಂಡಿತು. ಉಳಿದದ್ದು ಗಾಳಿ. ಅದು ಯಾರ ಹಿಡಿತಕ್ಕೂ ಸಿಕ್ಕಿಲ್ಲ.

ಮೇಲಿನ ಮಹಡಿಯ ಗೆಳತಿ ಕತ್ತಿರಿ ಬಿಸಿಲಿನಲ್ಲಿ, ಅಂದರೆ ಮೇ ತಿಂಗಳ ನಡುವಿನಲ್ಲಿ, ಕೂದಲು ನೆಟ್ಟಗಾಗಲೆಂದು ಕೆರಟಿನ್ ಮಾಡಿಸಿಕೊಂಡಳು. ಪಾರ್ಲರಿನವರು ಷರತ್ತುಗಳನ್ನು ಹೇಳಿ ಕಳಿಸಿದರು. ಮೂರು ದಿನ ತಲೆಗೆ ನೀರು ತಾಕಿಸಬಾರದು. ರಬ್ಬರ್ ಬ್ಯಾಂಡ್ ಇಲ್ಲ, ಕ್ಲಿಪ್ ಇಲ್ಲ, ಕಿವಿಯ ಹಿಂದಕ್ಕೆ ಸಿಕ್ಕಿಸುವಂತೆಯೂ ಇಲ್ಲ. ಕೊನೆಯದು: ಬೆವರಬಾರದು. ಚೆನ್ನೈಯಲ್ಲಿ, ಮೇ ತಿಂಗಳಲ್ಲಿ! ಮಡಿಯಲ್ಲಿ ಕೂತ ನಮ್ಮ ಅಜ್ಜಿಯಂದಿರಿಗೂ ಇಷ್ಟು ಕಟ್ಟುಪಾಡು ಇರಲಿಲ್ಲ. ಎರಡನೇ ದಿನ ಅವಳಿಗೆ ತಿರುವಲ್ಲಿಕ್ಕೇಣಿಯ ರತ್ನಾ ಕೆಫೆಯ ಸಾಂಬಾರ್ ಇಡ್ಲಿ ಬೇಕೆನಿಸಿತು. ಅಲ್ಲಿ ಸಾಂಬಾರು ಪಕ್ಕದ ಬಟ್ಟಲಿನಲ್ಲಿ ಬರುವುದಿಲ್ಲ. ಇಡ್ಲಿ ಮುಳುಗುವವರೆಗೆ ಮೇಲಿಂದ ಸುರಿಯುತ್ತಾರೆ, ತಗ್ಗಿದರೆ ಜಗ್ ಹಿಡಿದು ಮತ್ತೆ ಬರುತ್ತಾರೆ. ತಲೆ ತಗ್ಗಿಸದೆ ಅದನ್ನು ತಿನ್ನಲಾಗದು. ತಗ್ಗಿಸಿದರೆ ಕೂದಲೂ ಸಾಂಬಾರಿಗೆ. ಕೊನೆಗೆ ನಾನು ಎದ್ದು ಅವಳ ಹಿಂದೆ ನಿಂತು, ಕೂದಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಹಿಡಿಯುವುದು ಕಟ್ಟುವುದಲ್ಲವಲ್ಲ, ಷರತ್ತಿನಲ್ಲಿ ಅದಿರಲಿಲ್ಲ. ಸರ್ವರ್ ಗಾಬರಿಯಿಂದ ಓಡಿಬಂದು, "ವಾಂದಿಯಾ ಮೇಡಂ?" ಎಂದು ಕೇಳಿದ. ಗೆಳತಿ ಬಾಯ್ತುಂಬ ಇಡ್ಲಿ ಇಟ್ಟುಕೊಂಡೇ, ಇನ್ನೊಂದು ಪ್ಲೇಟ್ ಎಂದು ಬೆರಳು ತೋರಿಸಿದಳು.

ಇಷ್ಟೆಲ್ಲ ಕಣ್ಣಾರೆ ಕಂಡ ನಾನು ಕೆರಟಿನ್ನಿನ ತಂಟೆಗೆ ಹೋಗಲಿಲ್ಲ. ನಾದಿನಿಯ ಮದುವೆಗೆ 25 ವರ್ಷ ತುಂಬಿದ ಸಂಜೆ ಎಲ್ಲರೂ ಹೊರಗೆ ಊಟಕ್ಕೆ ಹೋಗುವುದಿತ್ತು. ನಮ್ಮ ಬೀದಿಯ ಪಾರ್ಲರಿಗೆ ಹೋಗಿ ಬರೀ ಐರನ್ ಮಾಡಿಸಿಕೊಂಡೆ. ಆ ಹುಡುಗಿ ಮಣಿಪುರದವಳು. ಅವಳ ತಮಿಳು, ನನ್ನ ತಮಿಳು, ಎರಡೂ ಕುಂಟುತ್ತವೆ, ಆದ್ದರಿಂದ ಚೆನ್ನಾಗಿ ಅರ್ಥವಾಗುತ್ತದೆ. "ಅಕ್ಕಾ, ತಲೈ ಆಟ್ಟಾದೀಂಗ" ಎನ್ನುತ್ತ ಒಂದೊಂದೇ ಎಳೆಯನ್ನು ಕಾದ ಪಟ್ಟಿಗಳ ನಡುವೆ ಎಳೆದಳು. ಬಿಸಿಗೆ ಕೂದಲೊಳಗಿನ ಕೆಲವು ಬಂಧಗಳು ಬಿಚ್ಚಿ, ತಣ್ಣಗಾದಾಗ ನೆಟ್ಟಗೆ ಕಟ್ಟಿಕೊಳ್ಳುತ್ತವೆ. ತೇವ ತಾಕಿದೊಡನೆ ಅವು, ಮುನಿಸು ಮರೆತ ಸೊಸೆ ತವರಿಂದ ಗಂಡನ ಮನೆಗೆ ಹೊರಟ ಹಾಗೆ, ಹಳೆಯ ಜಾಗಕ್ಕೆ ವಾಪಸು. ಕನ್ನಡಿಯಲ್ಲಿ ಕಂಡವಳನ್ನು ಎಲ್ಲೋ ನೋಡಿದ್ದೇನೆ ಅನಿಸಿತು. ದುಡ್ಡು ಕೊಟ್ಟು ಬೀದಿಗೆ ಬಂದೆ. ಕಡಲು ಒಂದೂವರೆ ಕಿಲೋಮೀಟರ್ ದೂರ, ಆಟೋಗೆ ಬಾಗಿಲಿಲ್ಲ.

ಊಟಕ್ಕೆ ಹೊರಟ ದಾರಿಯುದ್ದಕ್ಕೂ ಅತ್ತೆಗೆ ವುಡ್‌ಲ್ಯಾಂಡ್ಸ್ ನೆನಪು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ಶುರುಮಾಡಿದ ಹೋಟೆಲಿನ ಹೆಸರದು. ಮುಂದೆ 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಡ್ರೈವ್-ಇನ್ ಬಂತು. ಮರದಡಿ ಕಾರು ನಿಲ್ಲಿಸಿದರೆ ದೋಸೆ ಕಾಫಿ ಕಾರಿಗೇ ಬರುತ್ತಿತ್ತು. 2008ರಲ್ಲಿ ಅದು ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ. "ಮಾವ ಕರ್ಕೊಂಡು ಹೋಗ್ತಿದ್ರು. ನಮ್ಮಲ್ಲಿ ಕಾರೇ ಇರ್ಲಿಲ್ಲ ಮಾರಾಯ್ತಿ, ಒಳಗೆ ಹೋಗಿ ಕೂತು ತಿಂದು ಬರ್ತಿದ್ದೆವು" ಎಂದರು. ನಾನು ಹೂಂ ಹೂಂ ಎನ್ನುತ್ತ ಸೆರಗನ್ನು ತಲೆಗೆ ಸುತ್ತಿಕೊಂಡಿದ್ದೆ.

ಹೋಟೆಲಿನಲ್ಲಿ ಎ.ಸಿ. ಹಾಲ್ ತುಂಬಿತ್ತು. ಹೊರಗಿನ ಹಾಲಿನಲ್ಲಿ ಕೂತೆವು. ಅಡುಗೆಮನೆಯ ಬಾಗಿಲು ತೆರೆದಾಗೆಲ್ಲ ಇಡ್ಲಿ ಹಬೆ ನೇರ ನಮ್ಮ ಮೇಜಿಗೆ. ತುಪ್ಪದ ದೋಸೆ ಬರುವ ಹೊತ್ತಿಗೆ ನನ್ನ ಹಣೆಯ ಮೇಲೆ ಮೊದಲ ಸುರುಳಿ ಎದ್ದಿತ್ತು. ರಸಂ ವಡೆಗೆ ಎಡಭಾಗ ಪೂರ್ತಿ ಹೋಗಿತ್ತು. ಅಷ್ಟರಲ್ಲಿ ನಾದಿನಿಯ ಮಗಳು ತಡವಾಗಿ ಬಂದಳು, ಮುಖ ಸಪ್ಪಗಿತ್ತು. ಹುಟ್ಟಿನಿಂದ ಅವಳದ್ದು ನೇರ ಕೂದಲು. ಅಮ್ಮನ ಹಬ್ಬಕ್ಕೆಂದು ಬೇರೆ ಪಾರ್ಲರಿನಲ್ಲಿ ಅಲೆ ಅಲೆಯಾಗಿ ಗುಂಗುರು ಮಾಡಿಸಿಕೊಂಡಿದ್ದಳಂತೆ. ಬೈಕಿನಲ್ಲಿ ಬೀಚ್ ರಸ್ತೆ ಹಿಡಿದು ಬರುವಷ್ಟರಲ್ಲಿ ಒಂದು ಅಲೆಯೂ ಉಳಿದಿರಲಿಲ್ಲ.

ಅತ್ತೆ ಅವಳ ತಲೆ ನೋಡಿದರು, ನನ್ನ ತಲೆ ನೋಡಿದರು. ಇಬ್ಬರ ಪಾರ್ಲರ್ ಬಿಲ್ಲನ್ನೂ ಕೇಳಿ ತಿಳಿದುಕೊಂಡರು. ದವರೆಯಿಂದ ಲೋಟಕ್ಕೆ ಕಾಫಿ ಎತ್ತಿ ಹೊಯ್ಯುತ್ತ, "ಇಬ್ಬರೂ ಮನೆಯಲ್ಲೇ ಕೂತಿದ್ರೆ ಅವಳಿಗೆ ಬೇಕಾದ್ದು ನಿನ್ನ ಹತ್ರ ಇತ್ತು, ನಿನಗೆ ಬೇಕಾದ್ದು ಅವಳ ಹತ್ರ ಇತ್ತು. ಹೋಗ್ಲಿ, ಆ ದುಡ್ಡಿಗೆ ಎಲ್ರಿಗೂ ಇನ್ನೊಂದೊಂದು ದೋಸೆ ಹೇಳಬಹುದಿತ್ತು" ಎಂದರು. ನಾದಿನಿಯ ಗಂಡ ಅದನ್ನೇ ಅಪ್ಪಣೆಯೆಂದು ತಿಳಿದು, ಸರ್ವರನ್ನು ಕೂಗಿದರು.