ಶೇಂಗಾದ ಮುಸುರಿ

ಕುಷ್ಟಗಿ ಸೀಮೆಯಲ್ಲಿ ಶೇಂಗಾ ಮುಟ್ಟಿಸದೆ ಕೂಸನ್ನು ಬೆಳೆಸುವುದೆಂದರೆ ಆಗುಂಬೆಯಲ್ಲಿ ಮಳೆಗೆ ನೆನೆಯಿಸದೆ ಬೆಳೆಸಿದ ಹಾಗೆ. ಮುಂಜಾನೆ ಅವಲಕ್ಕಿಯ ಒಗ್ಗರಣೆಯಲ್ಲಿ ಅದು, ಮಧ್ಯಾಹ್ನ ಬದನೆಕಾಯಿಯ ಹೊಟ್ಟೆಯಲ್ಲಿ ಅದು, ರಾತ್ರಿ ಸಜ್ಜಿ ರೊಟ್ಟಿಯ ಮಗ್ಗುಲಲ್ಲಿ ಹಿಂಡಿಯಾಗಿ ಅದೇ. ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದ ಕಾಳು ನಮ್ಮ ಎರಿ-ಮಸಾರಿಯಲ್ಲಿ ಹೇಗೆ ಬೇರು ಬಿಟ್ಟಿದೆಯೆಂದರೆ, ಅದು ನಮ್ಮದಲ್ಲ ಎಂದರೆ ಜಗಳಕ್ಕೇ ಬರುತ್ತಾರೆ.

ಮಗಳಿಗೆ ಎರಡು ವರ್ಷವಿದ್ದಾಗ ಯಲಬುರ್ಗಾದ ಕಡೆಯ ಬೀಗರ ಹಳ್ಳಿಗೆ ಹೋಗಿದ್ದೆವು. ಅತ್ತೆ ಪ್ರೀತಿಯಿಂದ ಶೇಂಗಾ ಹೋಳಿಗೆಯ ಚೂರೊಂದನ್ನು ಬಾಯಿಗಿಟ್ಟರು. ಹತ್ತು ನಿಮಿಷದಲ್ಲಿ ತುಟಿ ಉಬ್ಬಿ, ಮೈತುಂಬ ಕೆಂಪು ಗಂಧೆಗಳೆದ್ದವು. "ಪಿತ್ತ ಎದ್ದೈತಿ, ಕಂಬಳಿ ತರ‍್ರಿ" ಎಂದರು ಯಾರೋ. ಕಂಬಳಿಯಿಂದ ಉಜ್ಜಿದರೆ ಪಿತ್ತ ಇಳಿಯುತ್ತದೆ ಎಂಬುದು ನಮ್ಮ ಕಡೆಯ ಹಳೆಯ ವೈದ್ಯ. ಅಟ್ಟದಿಂದ ಇಳಿದ ಆ ಕಂಬಳಿಯಲ್ಲಿ ಮೂರು ತಲೆಮಾರಿನ ಧೂಳಿತ್ತು. ಪಿತ್ತ ಇಳಿಯಲಿಲ್ಲ, ಎದೆಯಲ್ಲಿ ಸುಂಯ್ ಎಂಬ ಸೀಟಿ ಶುರುವಾಯಿತು. ಯಾರದೋ ಜೀಪಿನಲ್ಲಿ ಆಸ್ಪತ್ರೆ ಮುಟ್ಟುವವರೆಗೆ ನಾನು ನೆನೆಯದ ದೇವರಿಲ್ಲ. ಅಲ್ಲಿ ತೊಡೆಗೆ ಒಂದು ಅಡ್ರಿನಲಿನ್ ಸೂಜಿ ಬಿತ್ತು. ಇಂಥ ಹೊತ್ತಿನಲ್ಲಿ ಅದೇ ಮದ್ದು, ದಮ್ಮಿನ ಪಂಪು ಅದಕ್ಕೆ ಸಾಟಿಯಲ್ಲ ಎಂದು ಡಾಕ್ಟ್ರು ಆವತ್ತೇ ಹೇಳಿದ್ದರು.

ಶೇಂಗಾ ತಿನ್ನಬಾರದು ಎನ್ನುವುದು ಎಲ್ಲರಿಗೂ ತಿಳಿಯಿತು. ಶೇಂಗಾ ಕುಟ್ಟಿದ ಒರಳಿನಲ್ಲಿ ಬೆಳ್ಳುಳ್ಳಿ ಕುಟ್ಟಬಾರದು, ಶೇಂಗಾ ಹಿಂಡಿಯ ಚಮಚ ಮೊಸರಿಗೆ ಹಾಕಬಾರದು, ಗಾಣದ ಎಣ್ಣೆಯೂ ಬೇಡ, ಅದರಲ್ಲಿ ಕಾಳಿನ ಅಂಶ ಉಳಿದಿರುತ್ತದೆ ಎನ್ನುವುದನ್ನು ತಿಳಿಸುವುದೇ ಕಷ್ಟವಾಯಿತು. ಡಾಕ್ಟ್ರು ಚೀಟಿಯ ಮೇಲೆ ಚಿತ್ರ ಬರೆದು ಅರ್ಧ ತಾಸು ವಿವರಿಸಿದರು. ನಾನೂ ಹೆಂಡತಿಯೂ ಗೋಣಾಡಿಸುತ್ತ ಕೂತಿದ್ದೆವು. ಹಿಂದೆ ನಿಂತಿದ್ದ ನಮ್ಮವ್ವ ಮಾತ್ರ, "ಅಂದ್ರ ಶೇಂಗಾದ್ದು ಮುಸುರಿ ಅನ್ರಿ" ಎಂದುಬಿಟ್ಟಳು. ಡಾಕ್ಟ್ರು ಪೆನ್ನು ಕೆಳಗಿಟ್ಟರು.

ಅವತ್ತಿನಿಂದ ಅಡುಗೆಮನೆ ಅವ್ವನ ಆಳ್ವಿಕೆಗೆ ಬಂತು. ಮಗಳ ತಾಟು, ವಾಟಗ, ಒರಳು ಬೇರೆ ಗೂಡಿನಲ್ಲಿ. ಶೇಂಗಾದ ಜಾಗಕ್ಕೆ ಪುಟಾಣಿ ಹಿಂಡಿ, ಗುರೆಳ್ಳು ಹಿಂಡಿ ಬಂದವು. ಅವನ್ನೂ ಡಾಕ್ಟ್ರನ್ನು ಕೇಳಿಯೇ ಶುರು ಮಾಡಿದ್ದು. ಶೇಂಗಾ ಮುಟ್ಟಿದ ಕೈಯಲ್ಲಿ ಒಳಗೆ ಬಂದರೆ ನನಗೂ ಬಚ್ಚಲ ದಾರಿ ತೋರಿಸುತ್ತಾಳೆ. ಒಮ್ಮೆ ಜಾಣತನ ಮಾಡಲು ಹೋಗಿ, ಲಂಡನ್ನಿನಲ್ಲಿ 640 ಕೂಸುಗಳ ಮೇಲೆ ಒಂದು ಅಧ್ಯಯನ ನಡೆದು 2015ರಲ್ಲಿ ಪ್ರಕಟವಾಯಿತೆಂದೂ, ಎಳೆಯದರಲ್ಲೇ ಶೇಂಗಾ ತಿನ್ನಿಸುತ್ತ ಬಂದವರಲ್ಲಿ ಈ ಅಲರ್ಜಿ ಬಹಳ ಕಡಿಮೆ ಕಂಡಿತೆಂದೂ ಹೇಳಿದೆ. "ಹಂಗಾದ್ರ ತಡಾ ಮಾಡಿದವರು ನೀವ!" ಎಂದಳು. ಲಂಡನ್ನಿನ ಸುದ್ದಿಯನ್ನು ಮತ್ತೆ ಮನೆಗೆ ತಂದಿಲ್ಲ.

ಮಗಳಿಗೆ ದಮ್ಮೂ ಇದೆ, ಅದರ ಕತೆ ಬೇರೆ. ಅದಕ್ಕೆ ಊಟದ ಹಂಗಿಲ್ಲ. ಗಂಗಾವತಿಯ ಅಕ್ಕನ ಮನೆಗೆ ಸುಗ್ಗಿಯಲ್ಲಿ ಹೋದರೆ ಸಾಕು. ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಭತ್ತ ರೈಸ್ ಮಿಲ್ಲಿಗೆ ಬಂದಿರುತ್ತದೆ. ಹೊಟ್ಟಿನ ದೂಳು ಗಾಳಿಯಲ್ಲಿ, ಹುಲ್ಲು ಸುಟ್ಟ ಹೊಗೆ ಅದರ ಮೇಲೆ. ನಾಡಿಗೆಲ್ಲ ಭತ್ತದ ಕಣಜ, ನಮ್ಮ ಮಗಳಿಗೆ ಕೆಮ್ಮಿನ ಕಣಜ. ಅಕ್ಕ ಬೇಸರ ಮಾಡಿಕೊಂಡರೂ ಆ ತಿಂಗಳು ಅವಳೇ ಕುಷ್ಟಗಿಗೆ ಬರುತ್ತಾಳೆ, ಸೋನಾ ಮಸೂರಿ ಚೀಲದ ಸಮೇತ.

ನೀಲಿ ಪಂಪು ದಮ್ಮು ಎದ್ದಾಗ, ಇನ್ನೊಂದು ದಿನಾಲೂ ಎರಡು ಹೊತ್ತು. ಪಂಪನ್ನು ಅಲ್ಲಾಡಿಸಿ, ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ, ಒಮ್ಮೆ ಒತ್ತಿ, ಐದಾರು ಉಸಿರು; ದಿನದ ಪಂಪಾದ ಮೇಲೆ ಬಾಯಿ ಮುಕ್ಕಳಿಸಬೇಕು. ಒಂದು ಸಲ ಕೊಳವೆ ಊರಲ್ಲಿ ಬಿಟ್ಟು ಬಂದಾಗ ಡಾಕ್ಟ್ರು ಅರ್ಧ ಲೀಟರಿನ ತಂಪು ಪಾನೀಯದ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಹಿಡಿಸುವಷ್ಟು ತೂತು ಮಾಡಿ ಕೊಟ್ಟರು. ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲೇ ಪರೀಕ್ಷಿಸಿ ಒಪ್ಪಿದ ಉಪಾಯವಂತೆ. "ಪಂಪು ಚಟ ಆಗ್ತೈತಿ" ಎಂದು ಬುದ್ಧಿ ಹೇಳುವವರಿಗೆ ಮಾತ್ರ ಬರಗಾಲವಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಜನರ ಬಾಯಲ್ಲಿ ಗುಟ್ಕಾ ಇರುತ್ತದೆ.

ಜೂನ್ ಬಂತೆಂದರೆ ಮಿರ್ಗಾದ ಸಲಹೆಗಳು. ಮೃಗಶಿರಾ ಮಳೆ ಕೂಡುವ ಗಳಿಗೆಗೆ ಕೊಪ್ಪಳದ ಹತ್ತಿರ ಕುಟುಗನಹಳ್ಳಿಯಲ್ಲಿ ದಮ್ಮಿನ ಔಷಧ ಕೊಡುತ್ತಾರೆ. ಹೈದರಾಬಾದಿನಲ್ಲಿ ಜೀವಂತ ಮೀನಿನ ಮರಿಯ ಬಾಯಲ್ಲಿ ಮದ್ದಿಟ್ಟು ನುಂಗಿಸುತ್ತಾರೆ, ಶಾಖಾಹಾರಿಗಳಿಗೆ ಬೆಲ್ಲದಲ್ಲಿ. ಇವುಗಳಿಂದ ದಮ್ಮು ಹೋಗುತ್ತದೆಂದು ನಾನು ನಂಬುವುದಿಲ್ಲ. ಮಾವ ಹೈದರಾಬಾದಿಗೆ ಟಿಕೆಟ್ ತೆಗೆಸಲು ಹೊರಟಾಗ ಅವರನ್ನು ನಿಲ್ಲಿಸಿದ್ದು ನಾನಲ್ಲ, ಮಗಳು. "ಮೀನಿಗೆ ಉಸಿರು ಕಟ್ಟಂಗಿಲ್ಲೇನು ತಾತಾ?" ಎಂದು ಕೇಳಿದಳು.

ಈಗ ಅವಳಿಗೆ ಎಂಟು. ಮೊನ್ನೆ ಕೊಪ್ಪಳದ ಬಸ್ಸಿನಲ್ಲಿ ಪಕ್ಕದ ಮುದುಕರು ಹಸಿ ಶೇಂಗಾ ಸುಲಿಯುತ್ತ ಒಂದು ಹಿಡಿ ಮುಂದೆ ಚಾಚಿದರು. ನಾನು ಬಾಯಿ ತೆರೆಯುವುದರೊಳಗೆ ಮಗಳೇ ಹೇಳಿದಳು: "ಒಲ್ಲೆ ಅಜ್ಜಾ, ನಾ ಶೇಂಗಾ ಬಿಟ್ಟೇನಿ."

ಅಜ್ಜನ ಮುಖದಲ್ಲಿ ಭಕ್ತಿ ಮೂಡಿತು. ಕಾಶಿಗೆ ಹೋದವರು ಬದನೆಕಾಯಿ ಬಿಟ್ಟು ಬರುವುದನ್ನು ಕಂಡವರು.

"ಇಷ್ಟ್ ಸಣ್ಣಾಕಿ! ಯಾವ ದೇವರಿಗೆ ಬಿಟ್ಟೀ ತಂಗೀ?"

"ಡಾಕ್ಟ್ರಿಗೆ."

ಅಜ್ಜ ಒಂದು ಗಳಿಗೆ ವಿಚಾರ ಮಾಡಿ, ಪಂಚೆಯ ಮೇಲಿನ ಸಿಪ್ಪೆಯನ್ನೆಲ್ಲ ಕೂಡಿಸಿ ಗೌರವದಿಂದ ಕಿಟಕಿಯ ಹೊರಗೆ ಒಗೆದರು. ಬಸ್ಸು ಓಡುತ್ತಿತ್ತು, ಅರ್ಧ ಸಿಪ್ಪೆ ಗಾಳಿಯ ಜೊತೆ ಒಳಗೇ ಬಂತು. ನಾನು ಮಗಳನ್ನೆತ್ತಿಕೊಂಡು ಹಿಂದಿನ ಸೀಟಿಗೆ ಓಡಿದೆ, ಒಂದು ಕೈ ಜೇಬಿನ ಪಂಪಿನ ಮೇಲೆ.