ಮೊದಲಿನಂಗ ಇಲ್ಲ ಬಿಡ್ರಿ

ಶಿಗ್ಗಾಂವದಲ್ಲಿ ಯಾವುದೂ ಮೊದಲಿನಂಗ ಇಲ್ಲ. ಸವಣೂರಿನ ಖಾರ ಮೊದಲಿನಂಗ ಇಲ್ಲ, ಬಂಕಾಪುರದ ಸಂತೆ ಮೊದಲಿನಂಗ ಇಲ್ಲ, ಮಳೆಯ ಸುದ್ದಿಯಂತೂ ಕೇಳಲೇಬೇಡಿ. ಸಂಜೆ ಚಹಾದಂಗಡಿಯ ಕಟ್ಟೆಗೆ ಕೂಡುವ ನಮ್ಮಂಥ ಪಿಂಚಣಿದಾರರ ಬಾಯಲ್ಲಿ ಈ ಮಾತು ಚಹಾಕ್ಕಿಂತ ಮೊದಲು ಬರುತ್ತದೆ. ಒಬ್ಬರು ನಿಟ್ಟುಸಿರಿಟ್ಟು “ಮೊದಲಿನಂಗ ಇಲ್ಲ ಬಿಡ್ರಿ” ಅಂದರೆ ಸಾಕು, ಯಾವುದರ ಬಗ್ಗೆ ಎಂದು ಕೇಳದೆಯೇ ಉಳಿದವರು ಗೋಣು ಹಾಕುತ್ತಾರೆ. ಆಮೇಲೆ ವಿಷಯ ಹುಡುಕಿಕೊಂಡರಾಯಿತು.

ಈ ಬೇನೆ ನೆದರ್‌ಲ್ಯಾಂಡ್ಸಿಗೂ ಹಬ್ಬಿದೆ ಎಂದು ಸಾಕ್ಷಿಸಮೇತ ತೋರಿಸಿಕೊಟ್ಟವನು ನನ್ನ ತಂಗಿಯ ಮಗ. ಅವನು ಐಂಡ್‌ಹೋವನ್ ಕಡೆ ನೌಕರಿ ಮಾಡುತ್ತಾನೆ. ರಜೆಗೆ ಬಂದವನು ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, “ಮಾಮಾ, ಇದೊಂದು ಕೇಳ್ರಿ, ನಮ್ಮ ಬಾಜೂ ಊರಾಗಿನ ಮಂದಿ, ರಾಕ್ ಬ್ಯಾಂಡು” ಎಂದ. ಒಳಗಿನಿಂದ ನನ್ನ ತಂಗಿ, “ರಾಕ್ ಅಂದ್ರ ನಮ್ಮ ಗೊಟಗೋಡಿ ರಾಕ್ ಗಾರ್ಡನ್ ಇದ್ದಂಗನು?” ಎಂದು ಕೇಳಿದಳು. ಗೊಟಗೋಡಿಯಲ್ಲಿ ಸಿಮೆಂಟಿನ ರೈತರು ಸಿಮೆಂಟಿನ ಎತ್ತುಗಳ ಪಕ್ಕ ತುಟಿಪಿಟಕ್ಕೆನ್ನದೆ ನಿಂತಿರುತ್ತಾರೆ. ನನ್ನ ಕಿವಿಯೊಳಗಿನವರು ಅಷ್ಟು ಸೌಮ್ಯರಾಗಿರಲಿಲ್ಲ.

ಆ ಬ್ಯಾಂಡಿನ ಹೆಸರು ದ ಗ್ಯಾದರಿಂಗ್. ಊರು ಆಸ್. ಹಾನ್ಸ್ ಮತ್ತು ರೆನೆ ರುಟನ್ ಎಂಬ ಅಣ್ಣತಮ್ಮಂದಿರು 1989ರಲ್ಲಿ ಕಟ್ಟಿದ್ದು. ಮೊದಮೊದಲು ಗಂಡಸೊಬ್ಬ ಹುಲಿಯಂತೆ ಗುರುಗುಟ್ಟುವ ಭಾರದ ಮೆಟಲ್. 1992ರ ಮೊದಲ ಆಲ್ಬಮ್ ಹಾಗೇ ಬಂತು. ಮರುವರ್ಷದ ಎರಡನೆಯದಕ್ಕೆ ಗಾಯಕರನ್ನು ಬದಲಿಸಿ ಬೈಸಿಕೊಂಡರು. ಆಮೇಲೆ ಆನೆಕೆ ವಾನ್ ಗೀರ್ಸ್‌ಬೆರ್ಗನ್ ಎಂಬ ಹುಡುಗಿ ಬಂದಳು. 1995ರ ‘ಮ್ಯಾಂಡಿಲಿಯನ್’ ಆಲ್ಬಮ್ಮಿನಲ್ಲಿ ಗಿಟಾರುಗಳು ಮೊದಲಿನಷ್ಟೇ ಭಾರ, ಆದರೆ ಅವುಗಳ ಮೇಲೆ ತೆರೆದ ಕಂಠದ, ಎಲ್ಲೂ ಒತ್ತಾಯವಿಲ್ಲದ ಹಾಡು. ಜನ ಮುಗಿಬಿದ್ದರು. ಇನ್ನು ಇದನ್ನೇ ಮಾಡಿಕೊಂಡು ಹಾಯಾಗಿರಬಹುದಿತ್ತು. ಪುಣ್ಯಾತ್ಮರು ಇರಲಿಲ್ಲ. 1998ರಲ್ಲಿ ಎರಡು ಸಿ.ಡಿ. ತುಂಬುವಷ್ಟು ಉದ್ದದ ಆಲ್ಬಮ್ ತಂದರು. ಅದರಲ್ಲಿ ಗುಡುಗು ಕಡಿಮೆ, ಮಂಜು ಹೆಚ್ಚು. 2003ರ ‘ಸುವೆನಿಯರ್ಸ್’ ಹೊತ್ತಿಗೆ ಮೆಟಲ್ ಎಂಬುದು ಹಳೆಯ ನೆಂಟನಷ್ಟೇ ಆಗಿತ್ತು. 2007ರಲ್ಲಿ ಆನೆಕೆ ಬಿಟ್ಟುಹೋದಳು, 2009ರಲ್ಲಿ ನಾರ್ವೆಯ ಸಿಲ್ಯೆ ವೆರ್ಗೆಲಾಂಡ್ ಬಂದಳು.

“ಅಲ್ಲಿ ನನ್ನ ದೋಸ್ತರು ಬಿಯರ್ ಹಿಡಕೊಂಡು ಕುಂತ್ರ ಇದೇ ಜಗಳ ಮಾಮಾ,” ಎಂದ ಅಳಿಯ. “95ರ ಪಾರ್ಟಿ ಒಂದು, 98ರ ಪಾರ್ಟಿ ಒಂದು. ಆನೆಕೆ ಹೋದ ಮ್ಯಾಲೆ ಕೇಳೂದ ಬಿಟ್ಟವ್ರು ಇನ್ನೊಂದು ಪಾರ್ಟಿ.” ನಾನು ಕೇಳಿದೆ, “ಅವ್ರು ಏನಂತಾರ?” ಅವನು ಹೇಳುವ ಮೊದಲೇ ನನಗೆ ಉತ್ತರ ಗೊತ್ತಿತ್ತು. ಡಚ್ ಭಾಷೆಯಲ್ಲಿ ಅಂದರೂ ಅಷ್ಟೆ, ಬಂಕಾಪುರದ ಸಂತೆಯ ಬಗ್ಗೆ ಅಂದರೂ ಅಷ್ಟೆ.

ಹಾಡಿನ ವಿಷಯಕ್ಕೆ ಬಂದರೆ ನಮ್ಮ ತಾಲ್ಲೂಕಿಗೆ ಈ ಜಗಳದ ಅನುಭವ ಹೆಚ್ಚೇ ಇದೆ. ಶಿಶುನಾಳ ನಮ್ಮದು. ಷರೀಫರ ಪದಗಳನ್ನು ಭಜನಾ ಮಂದಿ ಏಕತಾರಿ, ತಾಳ ಹಿಡಿದು ಹಾಡುತ್ತಿದ್ದರು. ಸಿ. ಅಶ್ವತ್ಥ್ ಅವುಗಳಿಗೆ ರಾಗ ಹಾಕಿ ಗಂಟಲು ಬಿಚ್ಚಿ ಹಾಡಿದಾಗ ಕಟ್ಟೆಯ ಮೇಲಿನ ಹಿರಿಯರು ಮೊದಲಿನಂಗ ಇಲ್ಲ ಅಂದರು. 1990ರಲ್ಲಿ ಷರೀಫರ ಮೇಲೆ ನಾಗಾಭರಣರ ಸಿನಿಮಾ ಬಂದು ಆ ಧಾಟಿಯೇ ಮನೆಮನೆಗೆ ಹೊಕ್ಕಿತು. 2008ರಲ್ಲಿ ರಘು ದೀಕ್ಷಿತ್ ಗಿಟಾರು, ಡ್ರಮ್ಮು ಕೂಡಿಸಿಕೊಂಡು ಷರೀಫರ ಪದಗಳನ್ನು ತಮ್ಮ ಮೊದಲ ಆಲ್ಬಮ್ಮಿಗೆ ಹಾಕಿದರು. ಈಗ ಅಶ್ವತ್ಥರ ಕಾಲದವರ ಸರದಿ: ಅಶ್ವತ್ಥ್ ಹಾಡಿದಂಗ ಇಲ್ಲ ಬಿಡ್ರಿ. ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ದನಿಯ ಒಂದು ಗ್ರಾಮೊಫೋನ್ ತಟ್ಟೆಯೂ ಇಲ್ಲ. ಆ ‘ಮೊದಲು’ ಹೇಗಿತ್ತೆಂದು ಕೇಳಿಸಿಕೊಂಡವರು ಇವತ್ತು ಭೂಮಿಯ ಮೇಲೆ ಯಾರೂ ಇಲ್ಲ. ಆದರೂ ಅದರಂಗ ಇಲ್ಲವೆಂದು ನಾವೆಲ್ಲ ಆಣೆ ಮಾಡಿ ಹೇಳಬಲ್ಲೆವು.

ಅಳಿಯನಿಗೆ ನಾನು ತಿರುಗಿ ಕೇಳಿಸಿದ್ದು ಬೇರೆ. ಹೆಣ್ಣುಮಗಳೊಬ್ಬಳು ಮುಂದೆ ಕೂತು, ಹಿಂದೆ ತಬಲಾ-ತಂಬೂರಿ ಇಟ್ಟುಕೊಂಡು, ಜೀವಮಾನದಲ್ಲಿ ಹಾಡಿನ ದಾರಿಯನ್ನಷ್ಟೇ ಅಲ್ಲ ದನಿಯನ್ನೇ ಬದಲಿಸಿಕೊಂಡ ಉದಾಹರಣೆ ನಮ್ಮ ಪಕ್ಕದ ತಾಲ್ಲೂಕಿನ ಹೆಸರಿನಲ್ಲೇ ಇದೆ. ಗಂಗೂಬಾಯಿ ಹಾನಗಲ್. ಹುಟ್ಟಿದ್ದು ಧಾರವಾಡದಲ್ಲಿ, 1913ರ ಮಾರ್ಚ್ 5ಕ್ಕೆ. ಬಾಳಿ ಬದುಕಿದ್ದು ಹುಬ್ಬಳ್ಳಿಯಲ್ಲಿ. ಹೆಸರು ಮಾತ್ರ ಹಾನಗಲ್ಲಿನದು. ಹಾನಗಲ್ ಸೀಮೆ ಸಂಗೀತದ ವಿಷಯದಲ್ಲಿ ಬಡವಾಗಿರಲಿಲ್ಲ ಅನ್ನಿ. ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದೂ ಆ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲೇ.

ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಹೆಸರಾದವರು. ಮಗಳ ಕಿವಿ ಹಿಂದೂಸ್ತಾನಿಯ ಕಡೆ ವಾಲಿದ್ದು ಕಂಡು, ತಮ್ಮ ಹಾಡು ಅವಳ ಹಾಡಿಗೆ ಅಡ್ಡ ಬರಬಾರದೆಂದು ತಾವೇ ಹಾಡುವುದನ್ನು ನಿಲ್ಲಿಸಿಬಿಟ್ಟರು. ಶೈಲಿ ಬದಲಾವಣೆಗೆ ಒಂದು ಮನೆ ತೆತ್ತ ಇಂಥ ಬೆಲೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ ಈ ಹುಡುಗಿಯೂ ಇದ್ದಳು. ಹಾಡುವ ಅಳುಕಿಗಿಂತ, ಜಾತಿಯ ಕಾರಣಕ್ಕೆ ಊಟದ ಎಂಜಲೆಲೆ ಎತ್ತಲು ಹಚ್ಚುತ್ತಾರೇನೋ ಎಂಬ ಅಳುಕು ಆಕೆಗೆ ದೊಡ್ಡದಾಗಿತ್ತಂತೆ.

ಮೊದಲ ಪಾಠ ಹುಬ್ಬಳ್ಳಿಯಲ್ಲಿ, ಕೃಷ್ಣಾಚಾರ್ಯ ಹುಲಗೂರರ ಹತ್ತಿರ. ಆ ಅಡ್ಡಹೆಸರಿನ ಊರು ನಮ್ಮ ಶಿಗ್ಗಾಂವ ತಾಲ್ಲೂಕಿನಲ್ಲಿದೆ ಎಂದು ನಾನು ಅಳಿಯನಿಗೆ ಎರಡು ಸಲ ಹೇಳಿದೆ. ಐಂಡ್‌ಹೋವನ್ ಪಕ್ಕದ ಆಸ್ ಊರಿಗೆ ಅದು ನನ್ನ ಜವಾಬು. ಮೂವತ್ತರ ದಶಕದ ತಟ್ಟೆಗಳಲ್ಲಿ ಆಕೆ ‘ಗಾಂಧಾರಿ ಹಾನಗಲ್’. ಆ ದನಿ ಎಳೆಯದು, ಎತ್ತರದ್ದು, ಚುರುಕಾದದ್ದು. ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ಅಷ್ಟರೊಳಗೆ ರಾಗ ಎತ್ತಿ, ತಾನ್ ಹೊಡೆದು, ಮುಗಿಸಿ ಏಳಬೇಕು. ಆಗ ಭಜನೆ, ಠುಮ್ರಿ, ಮರಾಠಿ ಪದ ಎಲ್ಲವನ್ನೂ ಹಾಡುತ್ತಿದ್ದರು.

ಮುಂದೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯತ್ವ. ಹುಬ್ಬಳ್ಳಿಯಿಂದ ದಿನಾ ರೈಲು. ಪಾಠ ಮುಗಿದ ಮೇಲೆ ಸ್ಟೇಶನ್ನಿನವರೆಗೆ ಜತೆಗೆ ಬರುತ್ತಿದ್ದ ಹುಡುಗ ಭೀಮಸೇನ ಜೋಶಿ. ಆ ರೈಲಿನ ಹೆಣ್ಣುಮಗಳನ್ನು ನೋಡಿ ಓಣಿಯ ಮಂದಿ ಆಡಿಕೊಂಡದ್ದನ್ನು ಆಕೆ ತಮ್ಮ ಆತ್ಮಕಥೆಯಲ್ಲಿ ಕಹಿಯಿಲ್ಲದೆ ಹೇಳಿಕೊಂಡಿದ್ದಾರೆ. ಗುರುಗಳ ಕಿರಾಣಾ ಘರಾಣೆಯಲ್ಲಿ ಅವಸರವಿಲ್ಲ. ಜಿಪುಣ ದುಡ್ಡು ಎಣಿಸಿ ಕೊಟ್ಟಂತೆ ಒಂದೊಂದೇ ಸ್ವರ ಕೊಡಬೇಕು, ಮುಂದಿನದಕ್ಕೆ ಕೇಳುವವ ಕೈ ಚಾಚಿಕೊಂಡೇ ಇರಬೇಕು ಎಂಬುದು ಗುರುಗಳ ನಂಬಿಕೆ. ಮೂರು ನಿಮಿಷದ ತಟ್ಟೆಯಲ್ಲಿ ಇಂಥ ಜಿಪುಣತನ ನಡೆಯದು.

ಆ ಹೊತ್ತಿಗೆ ಗಂಟಲು ಕೈಕೊಟ್ಟಿತು. ಚಿಕಿತ್ಸೆಯಾಯಿತು. ಚಿಕಿತ್ಸೆಯಾದ ಮೇಲೆ ಬಂದ ದನಿ ಬೇರೆಯೇ: ದಪ್ಪ, ಆಳ, ಗಂಡಸರ ಪಟ್ಟಿಗೆ ಇಳಿದದ್ದು. ಇನ್ನೊಬ್ಬರಾಗಿದ್ದರೆ ತಂಬೂರಿಗೆ ಗವಸು ಹಾಕಿ ಮೂಲೆಗಿಡುತ್ತಿದ್ದರು. ಗಂಗೂಬಾಯಿ ಆ ದನಿಗೆ ತಕ್ಕ ಹಾಡನ್ನು ಹಿಡಿದರು. ಠುಮ್ರಿ, ಲಘು ಪದ ಎಲ್ಲ ಬಿಟ್ಟು ಖಯಾಲಿಗೆ ನಿಂತರು. ಯಾರಾದರೂ ಒತ್ತಾಯಿಸಿದರೆ ತಾವು ಹಾಡುವುದು ರಾಗ ಮಾತ್ರ ಎನ್ನುತ್ತಿದ್ದರು. ಕುಸುರಿ ಕಡಿಮೆಯಾಯಿತು, ತೂಕ ಬಂತು. ಮೇಲಿನ ಸ್ವರಗಳಿಗೆ ಮಗಳು ಕೃಷ್ಣಾ ದನಿಗೂಡಿಸುವರು, ಕೆಳಗೆ ತಾಯಿ ಒಂದು ಷಡ್ಜಕ್ಕೆ ನಿಂತರೆ ಸಭೆಯೂ ನಿಂತುಬಿಡುವುದು.

ಇದರಲ್ಲೊಂದು ಮಜಾ ಇದೆ. ಕಿರಾಣಾದ ಹಿರಿಯ ಅಬ್ದುಲ್ ಕರೀಂ ಖಾನರದು ತೆಳ್ಳಗಿನ, ಎತ್ತರದ ದನಿ. ಗುರು ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಹೆಣ್ಣಿನ ಪಾತ್ರಗಳಿಗೆ ಹೆಸರಾದವರು. ಸೀರೆ ಉಟ್ಟು ಹಾಡಿ ಗೆದ್ದ ಗುರುವಿನ ವಿದ್ಯೆಯನ್ನು ಗಂಡುದನಿಯ ಶಿಷ್ಯೆ ಹೊತ್ತು ತಿರುಗಿದರು. ಘರಾಣೆ ಅಂದರೆ ಅಚ್ಚು ಹೊಡೆದಂತೆ ಒಂದೇ ನಮೂನೆ ಎಂದು ವಾದಿಸುವವರಿಗೆ ನಾನು ಈ ಸಂಗತಿ ಹೇಳಿ ಸುಮ್ಮನಾಗುತ್ತೇನೆ. ಗಂಡಸರಾದರೆ ಪಂಡಿತರು, ಉಸ್ತಾದರು. ಹೆಂಗಸರು ಎಷ್ಟು ಹಾಡಿದರೂ ‘ಬಾಯಿ’ಗಳೇ ಎಂದು ಆಕೆ ನಗುತ್ತಲೇ ಚುಚ್ಚುತ್ತಿದ್ದುದೂ ನೆನಪಾಗುತ್ತದೆ. 2002ರಲ್ಲಿ ಪದ್ಮವಿಭೂಷಣ ಬಂದಾಗಲೂ ಅವರು ಬಾಯಿಯೇ. ತೀರಿಕೊಂಡದ್ದು 2009ರ ಜುಲೈ 21ಕ್ಕೆ, ಕಣ್ಣು ದಾನ ಮಾಡಿ. ಹಾನಗಲ್ಲಿನ ಹೆಸರು ಹೊತ್ತ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ. ನಮ್ಮ ಕಡೆಯವರು ಇದಕ್ಕೂ ಗೋಣು ಹಾಕುತ್ತಾರೆ, ಅಡ್ಡಡ್ಡ.

ಅಳಿಯ ಎರಡೂ ದನಿಯನ್ನು ಕೇಳಿ, “ಇವ್ರು ಒಬ್ರೇ ಏನ್ ಮಾಮಾ?” ಎಂದು ಬೆರಗಾದ. ಆಸ್ ಊರಿನವರು ಬೇಸರ ಬಂದು, ಹೊಸದು ಬೇಕೆಂದು ದಾರಿ ಬದಲಿಸಿದರು. ಅದಕ್ಕೆ ಅವರಿಗೆ ಗಾಯಕಿಯರೂ ಸಾಲುಸಾಲಾಗಿ ಬೇಕಾದರು. ಗಂಗೂಬಾಯಿಗೆ ಆಯ್ಕೆಯೇ ಇರಲಿಲ್ಲ, ಬೇಕಾದದ್ದು ಒಂದೇ ಗಂಟಲು. ನನ್ನ ಮಟ್ಟಿಗೆ ಇದು ದೊಡ್ಡದು. ಊರಿನ ಅಭಿಮಾನ ಅನ್ನುವವರು ಅನ್ನಲಿ. ಹಾಗಂತ ‘ಸುವೆನಿಯರ್ಸ್’ ಕೆಟ್ಟದ್ದೆಂದು ನಾನು ಹೇಳಲಾರೆ. ರಾತ್ರಿ ಕರೆಂಟು ಹೋದಾಗ ಅದು ಚೆನ್ನಾಗಿಯೇ ಕೇಳುತ್ತದೆ.

ಓದುಗರಲ್ಲಿ ಒಂದೇ ಕೇಳಿಕೆ. ಗಂಗೂಬಾಯಿಯವರನ್ನು ಹೊಸದಾಗಿ ಕೇಳುವವರು ಕೊನೆಯ ಕಡೆಯಿಂದ ಶುರುಮಾಡಿ. ಮೊದಲು ಮುಪ್ಪಿನ ದನಿಯ ಒಂದು ವಿಲಂಬಿತ ಖಯಾಲು ಪೂರ್ತಿ ಕೇಳಿ, ನಡುವೆ ಫೋನು ಮುಟ್ಟಬೇಡಿ. ಆಮೇಲೆ ಗಾಂಧಾರಿ ಹಾನಗಲ್ ಹೆಸರಿನ ಹಳೆಯ ತಟ್ಟೆಗೆ ಹೋಗಿ. ಡಚ್ ಬ್ಯಾಂಡಿಗೂ ಇದೇ ಪಥ್ಯ: 2003ರದು ಮೊದಲು, 1995ರದು ಆಮೇಲೆ.